ದಿಬ್ಬಗಳಿಗೆ ಹೇಳಿದ ಸಲಾಂ

ಮೊನ್ನೆ ಶುಕ್ರವಾರದ ಸಂಜೆ ಸೊಸೆ ದೇವರ ಮುಂದೆ ಸಾಂಬ್ರಾಣಿ ಹಾಕಿದಳು. ಮಣ್ಣಿನ ಬಟ್ಟಲು ಕಾಯುತ್ತಿದ್ದಂತೆ ಸಾಂಬ್ರಾಣಿಯ ಪರಿಮಳದ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲನೆ ಎದ್ದಿತು... ಬಹುಕಾಲ ಮುಚ್ಚಿದ್ದ ಕೋಣೆಯ ಬಾಗಿಲು ತೆರೆದಾಗ ಬರುವಂಥದು. ಜಪದ ಮಣಿ ನನ್ನ ಬೆರಳಿನಲ್ಲಿಯೇ ನಿಂತಿತು. ಆ ಬಟ್ಟಲನ್ನು ಕೊಟ್ಟವರು ಎದುರು ಫ್ಲ್ಯಾಟಿನ ಹಾಜಿಯವರು.

ಮೈಸೂರಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾಗಿ, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಮಗನ ಮನೆ ಸೇರಿದ ನನಗೆ ಈ ಕಟ್ಟಡದಲ್ಲಿ ದೊರೆತ ಏಕೈಕ ಸಮವಯಸ್ಕರು ಅವರು. ಉಡುಪಿ ಕಡೆಯ ಬ್ಯಾರಿ ಮನೆತನ. ಬಟ್ಟೆ ವ್ಯಾಪಾರದಲ್ಲಿ ಆಯುಷ್ಯವನ್ನು ಇಲ್ಲಿಯೇ ಸವೆಸಿದ್ದರು. ಎಲ್ಲಿ ಗೋರಿ ಕಂಡರೂ, ಓಡುವ ಕಾರಿನಲ್ಲಿದ್ದರೂ, ತಲೆ ತಗ್ಗಿಸಿ ಸಲಾಂ ಹೇಳುವುದು ಅವರು ತಪ್ಪದೆ ಪಾಲಿಸಿದ ಆಚಾರ. ನಿಮಗೆ ಶಾಂತಿಯಿರಲಿ, ದೇವರು ಬಯಸಿದರೆ ನಾವೂ ಬಂದು ನಿಮ್ಮನ್ನು ಸೇರುವವರೇ ಎಂದು ಅದರ ಅರ್ಥವನ್ನು ಅವರೇ ನನಗೆ ತಿಳಿಸಿದ್ದರು.

ಊರಿನ ಮಸೀದಿಯ ಹಿಂದೆ ಅವರ ಮಡದಿಯ ಗೋರಿಯಿತ್ತು. ಪ್ರತಿ ರಜೆಯಲ್ಲಿಯೂ ಅದರ ಮುಂದೆ ನಿಂತು ಇದೇ ಮಾತು ಹೇಳಿ ಬರುವರು. ಆಕೆಯ ಪಕ್ಕದಲ್ಲಿ ಮಣ್ಣಾಗಬೇಕೆಂಬುದನ್ನು ಬಿಟ್ಟರೆ ಅವರಿಗೆ ಬೇರೆ ಬಯಕೆ ಉಳಿದಿರಲಿಲ್ಲ. ಆ ವರ್ಷ ಅಂಗಡಿಯನ್ನು ಮಗನಿಗೆ ವಹಿಸಿ, ಶಾಶ್ವತವಾಗಿ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ಅದಕ್ಕೆ ಮುನ್ನ ಬಹರೈನ್ ದ್ವೀಪವನ್ನೊಮ್ಮೆ ನೋಡಲೆಂದು ಅವರ ಮಗನೂ ನನ್ನ ಮಗನೂ ಸೇರಿ ಈದ್ ರಜೆಯಲ್ಲಿ ನಮ್ಮಿಬ್ಬರನ್ನು ಕರೆದೊಯ್ದರು.

ಮೊದಲ ದಿನ ಕಡಲಂಚಿನ ಪುರಾತನ ಕೋಟೆ. ಅಲ್ಲಿ ಹಾಜಿಯವರು ಹಗುರವಾಗಿಯೇ ಇದ್ದರು. "ಮಾಷ್ಟ್ರೇ, ಇದು ನಮ್ಮ ಬಿಲ್ಡಿಂಗ್ ಓನರನ ಕೈಗೆ ಸಿಕ್ಕಿದ್ದರೆ ಪಾರ್ಟಿಷನ್ ಹಾಕಿ, ಮಂಚಕ್ಕಿಷ್ಟು ಬಾಡಿಗೆ ಅಂತ ಬೆಡ್ ಸ್ಪೇಸ್ ಮಾಡಿ ಕೊಡ್ತಿದ್ದ ಮಾರಾಯ್ರೆ" ಎಂದು ನಗಿಸಿದರು.

ಮರುದಿನ ಗೋರಿದಿಬ್ಬಗಳ ಊರಿಗೆ ಹೋದೆವು. ಧೂಳು ಕವಿದು ಸೂರ್ಯ ಬೂದಿಯ ಬಣ್ಣ ತಳೆದಿದ್ದ. ಸಾವಿರಾರು ವರ್ಷಗಳ ಹಿಂದಿನ ಮೃತರನ್ನು ಒಡಲಲ್ಲಿಟ್ಟುಕೊಂಡ ದಿಬ್ಬಗಳು ಇಂದಿನ ಮನೆಗಳ ನಡುವೆ, ಮನೆಗಳಿಗಿಂತ ಎತ್ತರವಾಗಿ ನಿಂತಿದ್ದವು. ಅವುಗಳ ಮಗ್ಗುಲಲ್ಲಿಯೇ ಕುಂಬಾರರ ಆವಿಗೆ ಹೊಗೆಯಾಡುತ್ತಿತ್ತು. ಕಾರಿನಿಂದ ಇಳಿದ ಹಾಜಿಯವರು ಅಭ್ಯಾಸದಂತೆ ಸಲಾಂ ಹೇಳಿದರು. ಮಾತು ಮುಗಿದೊಡನೆ ಗಾಳಿ ನಿಂತುಹೋಯಿತು... ಅವರ ಮುಖ ಬಿಳಿಚಿತು.

"ಎಂತ ಹೇಳಿಬಿಟ್ಟೆ ಮಾಷ್ಟ್ರೇ ನಾನು?"

"ಎಂದಿನ ಸಲಾಂ ತಾನೇ, ಹಾಜಿಯವರೇ?"

"ಬರ್ತೇನೆ ಅಂತ ಹೇಳಿ ಆಯ್ತಲ್ಲ. ಇವರು ಯಾರು, ಎಂತ, ಒಂದೂ ಗೊತ್ತಿಲ್ಲ. ಊರಲ್ಲಿ ಅವಳಿಗೂ ಅದೇ ಮಾತು ಕೊಟ್ಟದ್ದುಂಟು."

"ಎಷ್ಟೋ ಕಡೆ ಹೇಳಿದ್ದೀರಿ. ಯಾರೂ ಉತ್ತರ ಕೊಟ್ಟಿಲ್ಲವಲ್ಲ."

"ಇಲ್ಲಿ ಹ್ಞೂಂ ಅಂದ ಹಾಗಾಯ್ತು" ಎಂದರು.

"ಉಪ್ಪಾ, ಯಲ್ಲಾ, ಹೊರಡುವ, ಬಿಸಿಲು ಏರ್ತಾ ಉಂಟು" ಎಂದು ಅವರ ಮಗ ಕೂಗಿದ. ಹಾಜಿಯವರು ಕುಂಬಾರರಲ್ಲಿ ಎರಡು ಧೂಪದ ಬಟ್ಟಲು ಕೊಂಡು ಒಂದನ್ನು ನನ್ನ ಕೈಗಿತ್ತರು. ಇನ್ನೊಂದು ಊರಿನ ಮನೆಗೆ. ಅಬುಧಾಬಿಗೆ ಮರಳಿ ಚೀಲ ಬಿಚ್ಚಿದಾಗ, ಎಷ್ಟು ಬಟ್ಟೆ ಸುತ್ತಿಟ್ಟಿದ್ದರೂ, ಊರಿನ ಬಟ್ಟಲು ನಡುವೆ ಸೀಳಿತ್ತು. ಹಾಜಿಯವರು ಗೊತ್ತುಮಾಡಿದ್ದ ದಿನಕ್ಕಿಂತ ಮೊದಲೇ ಹೊರಡಲು ಟಿಕೆಟ್ ಮಾಡಿಸಿದರು.

ಹಗ್ಗ ಬಿಗಿದ ಪೆಟ್ಟಿಗೆಗಳು ಬಾಗಿಲ ಬಳಿ ನಿಂತಿದ್ದವು. ಹೊರಡಬೇಕಾಗಿದ್ದ ದಿನ, ಮುಂಜಾನೆಯ ನಮಾಜಿನಲ್ಲಿ ನೆಲಕ್ಕೆ ಹಣೆಯಿಟ್ಟವರು ಮೇಲೇಳಲಿಲ್ಲ.

"ಊರಿಗೆ ಕಳಿಸ್ಲಿಕ್ಕೆ ದಿನ ಹಿಡಿಯುತ್ತದೆ ಅಂಕಲ್. ಉಪ್ಪನನ್ನು ಕಾಯಿಸುವುದು ಸರಿಯಲ್ಲ ಅಂತ ಹಿರಿಯರೆಲ್ಲ ಹೇಳ್ತಾರೆ" ಎಂದ ಹಾಜಿಯವರ ಮಗ, ಪೆಟ್ಟಿಗೆಯ ಹಗ್ಗವನ್ನು ಹಿಡಿದುಕೊಂಡೇ ಅತ್ತ. ಅಂದೇ ಅವರನ್ನು ನಗರದಾಚೆಯ ಮರಳಿನಲ್ಲಿ ಮಣ್ಣುಮಾಡಿದರು. ಮಡದಿಯ ಪಕ್ಕವೂ ಅಲ್ಲ, ಆ ದಿಬ್ಬಗಳ ಪಕ್ಕವೂ ಅಲ್ಲ...

ಅವರ ಮಗ ಮನೆ ಬದಲಿಸಿದ ಮೇಲೆ ಎದುರು ಫ್ಲ್ಯಾಟಿಗೆ ಈಗ ಬೇರೆ ಸಂಸಾರ ಬಂದಿದೆ. ಸಂಜೆ ಮಾತನಾಡಲು ನನಗೆ ಯಾರೂ ಇಲ್ಲ. ಸಾಂಬ್ರಾಣಿ ಹಾಕಿದ ಮರುದಿನ ಮಗನೊಡನೆ ಆ ಸ್ಮಶಾನದವರೆಗೆ ಹೋಗಿ, ಗೋಡೆಯ ಹೊರಗೆ ನಿಂತೆ. ಸಾಲು ಸಾಲಾಗಿ ಒಂದೇ ತೆರನ ಕಲ್ಲುಗಳು. ಹಾಜಿಯವರದು ಯಾವುದೆಂದು ತಿಳಿಯುವಂತಿರಲಿಲ್ಲ. ಕೈಮುಗಿದು, ನಿಮಗೆ ಶಾಂತಿಯಿರಲಿ ಎಂದೆ. ಉಳಿದರ್ಧವೂ ನಾಲಿಗೆಯ ತುದಿಗೆ ಬಂದಿತ್ತು.

ಗಾಳಿ ನಿಂತಿತು. ನಾನು ತುಟಿ ಮುಚ್ಚಿಕೊಂಡು ಕಾರಿನತ್ತ ನಡೆದೆ.