ಹುಳದ ಮನೆಯ ರೇಡಿಯೋ

ಆಸ್ಟ್ರೇಲಿಯಾದಲ್ಲಿ ಟೆಸ್ಟಿನ ಕೊನೆಯ ದಿನ. ಗೆಲ್ಲಲು ನಮಗೆ ಇನ್ನೆರಡು ವಿಕೆಟ್ ಬೇಕು. ನಾನೋ ಸುಗಟೂರಿನಲ್ಲಿ ಹಸುವಿಗೆ ಸೂಜಿ ಹಾಕುತ್ತಿದ್ದೆ. ಪಕ್ಕದ ರೇಷ್ಮೆಹುಳದ ಮನೆಯೊಳಗಿಂದ ಕಾಮೆಂಟರಿ ಸಣ್ಣಗೆ ಕೇಳುತ್ತಿತ್ತು. ಒಂದು ಮಾತೂ ತಿಳಿಯದು.

“ರೇಡಿಯೋ ಸ್ವಲ್ಪ ಆಚೆ ಕೊಡಮ್ಮ,” ಎಂದೆ ಮನೆಯಾಕೆಗೆ.

“ಒಳಗಿಟ್ಟಿದ್ದು ಹುಳ ಗೂಡು ಕಟ್ಟೋಗಂಟ ಆಚೆ ಬರಲ್ಲ ಸಾರ್.”

“ನಾನೇ ಒಳಗೆ ಬರ್ತೀನಿ.”

“ಹೊರಗಿನೋರು ಕಾಲಿಟ್ರೆ ಹುಳಕ್ಕೆ ರೋಗ. ಅದೂ ಸಗಣಿ ಕಾಲು.”

“ಹಂಗಾದ್ರೆ ಏನಾಯ್ತು ಅಂತ ಒಳಗಿರೋ ನಿಮ್ಮ ಯಜಮಾನ್ರನ್ನ ಕೇಳಮ್ಮ.”

ಆಕೆ ಬಾಗಿಲಲ್ಲಿ ಇಣುಕಿ ನೋಡಿದರು. “ತಲೆ ಮೇಲೆ ಕೈ ಹೊತ್ಕೊಂಡು ಕೂತವ್ರೆ ಸಾರ್.”

ಅಷ್ಟರಲ್ಲಿ ಬಸ್ಸು ಬಂತು. ಮ್ಯಾಚು ಕೈತಪ್ಪಿತು ಅಂದುಕೊಂಡು ದಾರಿಯುದ್ದಕ್ಕೂ ಕಂಡಕ್ಟರ್ ಮೇಲೆ ರೇಗಿದೆ. ಕೋಲಾರದಲ್ಲಿ ಇಳಿದರೆ, ನಾವು ಗೆದ್ದೆವು ಅಂತ ಪಟಾಕಿ ಹೊಡೆಯುತ್ತಿದ್ದಾರೆ.

ಹಾಗಾದರೆ ಯಜಮಾನರು ತಲೆ ಮೇಲೆ ಕೈ ಹೊತ್ತಿದ್ದು ಯಾತಕ್ಕೆ? ಅಂದಿನಿಂದ ನನ್ನ ಚಿಂತೆಯೆಲ್ಲ ಆ ಹುಳಗಳದ್ದೇ.