ಮಂಡಿ ವಾಸಿಯಾದ ಮೇಲೆ

ಮಂಡಿ ಎಂಬ ಪದಕ್ಕೆ ನಮ್ಮ ಕಡೆ ಎರಡು ಅರ್ಥಗಳಿವೆಯೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ. ಸಹಪಾಠಿಯೊಬ್ಬಳು ಹಿಂದಿನ ಸೀಟಿನಿಂದ ಕತ್ತು ಚಾಚಿ "ಈಗ ಮಂಡಿ ಹೇಗಿದೆ?" ಎಂದು ಕೇಳಿದಳು, ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರು, ಅಡಿಕೆ ವ್ಯಾಪಾರದವರಿರಬೇಕು, "ಬಿದ್ದಿದೆ ಕಣಮ್ಮ, ಸದ್ಯಕ್ಕೆ ಏಳೋ ಲಕ್ಷಣ ಕಾಣ್ತಿಲ್ಲ" ಎಂದು ಗಂಭೀರವಾಗಿ ಉತ್ತರಿಸಿದರು. ಅವಳು ಕೇಳಿದ್ದು ನನ್ನ ಮೊಣಕಾಲನ್ನು, ಅವರು ಹೇಳಿದ್ದು ಅಡಿಕೆ ಮಂಡಿಯ, ಅಂದರೆ ಮಾರುಕಟ್ಟೆಯ ಧಾರಣೆಯನ್ನು. ಆದರೆ ನನ್ನ ವಿಷಯದಲ್ಲಿ ಅಷ್ಟು ಕರಾರುವಾಕ್ಕಾದ ವರದಿಯನ್ನು ಯಾವ ವೈದ್ಯರೂ ಕೊಟ್ಟಿರಲಿಲ್ಲ.

ನಾನಾಗ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿನಿ, ಕಾಲೇಜಿನ ಖೋಖೋ ಆಟಗಾರ್ತಿ. ಓದಿಗಿಂತ ಓಟಕ್ಕೇ ಹೆಸರಾದವಳು. ಅಭ್ಯಾಸದ ವೇಳೆ ಕಂಬ ಸುತ್ತಿ ತಿರುಗಿದಾಗ ಬಲಮಂಡಿ ಉಳುಕಿತೆಂದುಕೊಂಡೆ. ಹರಿದದ್ದು ಒಳಗಿನ ಲಿಗಮೆಂಟು. ಶಸ್ತ್ರಚಿಕಿತ್ಸೆಯಾಯಿತು. ಮೊದಮೊದಲು ತಂಡವೆಲ್ಲ ಜನ್ನಾಪುರದ ನಮ್ಮ ಮನೆಗೆ ಬಂದು, ಅಮ್ಮ ಮಾಡಿದ ಅವಲಕ್ಕಿಯನ್ನು ಪಂದ್ಯ ಗೆದ್ದಷ್ಟೇ ಉತ್ಸಾಹದಿಂದ ಮುಗಿಸಿ ಹೋಗುತ್ತಿತ್ತು. ಆಮೇಲೆ ನಿಜವಾದ ಪಂದ್ಯಗಳು ಶುರುವಾದವು, ಬರುವವರು ನಿಂತರು. ವಾಟ್ಸಾಪ್ ಗುಂಪಿಗೆ ಬರುವ ಗೆಲುವಿನ ಫೋಟೋಗಳಿಗೆ ಹೆಬ್ಬೆರಳೆತ್ತುವುದೊಂದೇ ನನಗುಳಿದ ವ್ಯಾಯಾಮ. ಬೆಳಕು ಹರಿಯುವ ಮುನ್ನ ಎಚ್ಚರವಾಗುವ ಅಭ್ಯಾಸ ಮಾತ್ರ ಬಿಡಲಿಲ್ಲ. ಎದ್ದು ಮಾಡುವುದೇನೆಂದು ತಿಳಿಯದೆ ಗೋಡೆ ನೋಡುತ್ತ ಕೂರುತ್ತಿದ್ದೆ. ಏಕಾಗ್ರತೆಯನ್ನು ಕಲಿಸಿದ ಆಟ ಏಕಾಂತವನ್ನು ಸಹಿಸುವುದನ್ನು ಕಲಿಸಿರಲಿಲ್ಲ.

ತಿಂಗಳುಗಳು ಕಳೆದು, ಇನ್ನು ಓಡಬಹುದೆಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಪಾಯಸವಾಯಿತು. ಮರುದಿನ ಬೂಟು ಕಟ್ಟಿ ಮೈದಾನಕ್ಕಿಳಿದೆ. ಕಂಬ ಕಾಣುತ್ತಲೇ ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು, ಉಸಿರು ಸಿಗದಂತಾಯಿತು. ಒಂದು ಹೆಜ್ಜೆಯೂ ಓಡದೆ ದಣಿದ ಪ್ರಪಂಚದ ಏಕೈಕ ಕ್ರೀಡಾಪಟುವಾಗಿ ಗೋಡೆಯ ಮರೆಗೆ ಹೋಗಿ ಕುಸಿದೆ. ದೈಹಿಕ ಶಿಕ್ಷಣದ ಮೇಡಂ ಹಿಂದೆಯೇ ಬಂದು ಪಕ್ಕದಲ್ಲಿ ನೆಲದ ಮೇಲೇ ಕೂತರು.

"ನೋವಾ?"

"ಇಲ್ಲ ಮೇಡಂ. ಮಂಡಿ ಚೆನ್ನಾಗಿದೆ. ನಾನೇ ಚೆನ್ನಾಗಿಲ್ಲ."

ಅವರು ನನ್ನ ಬೂಟಿನ ದಾರ ಸಡಿಲಿಸಿದರು. "ಕಾಲಿನ ವಿಷ್ಯ ಆಗಿದ್ರೆ ನಾನೇ ಏನಾದ್ರೂ ಹೇಳ್ತಿದ್ದೆ. ಇದು ನಂಗೆ ಗೊತ್ತಾಗಲ್ಲ ಮಾರಾಯ್ತಿ. ಗೊತ್ತಿರೋರ ಹತ್ರ ಹೋಗೋಣ, ನಾನೂ ಬರ್ತೀನಿ."

ಹಾಗೆ ಮೇಡಂ ಜೊತೆ ಶಿವಮೊಗ್ಗದ ದುರ್ಗಿಗುಡಿಯ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋದೆ. "ನಾಳೆ ಗಂಡಿನ ಕಡೆಯೋರಿಗೆ ಗೊತ್ತಾದ್ರೆ?" ಎಂದು ಅಮ್ಮ ಹೆದರಿದಳು, ಹೆದರುತ್ತಲೇ ಬಸ್ಸಿನವರೆಗೆ ಬಂದು ಹತ್ತಿಸಿದಳು. ಆಟ ಬಿಟ್ಟರೆ ನಿಮಗೆ ಏನಿಷ್ಟವೆಂದು ಸಮಾಲೋಚಕಿ ಕೇಳಿದಾಗ ನಾನು ಬಹಳ ಯೋಚಿಸಿ "ನಿದ್ದೆ" ಎಂದೆ. ಅದೂ ಆಗ ಬರುತ್ತಿರಲಿಲ್ಲ. ಇಬ್ಬರೂ ನಕ್ಕೆವು, ನಗುನಗುತ್ತಲೇ ನನಗೆ ಅಳು ಬಂತು. ನಿಮಗೂ ಎಂದಾದರೂ ಹೀಗಾಗಿದ್ದರೆ, ಆ ಅಳುವಿನ ಹಗುರ ನಿಮಗೆ ಗೊತ್ತು. ಮತ್ತೆ ಹೀಗೆ ಅನ್ನಿಸಿದಾಗ ಒಬ್ಬರಿಗಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದರು ಆಕೆ. ಓಡುವುದಕ್ಕಿಂತ ಕಷ್ಟದ ಅಭ್ಯಾಸ ಅದು.

ಮೈದಾನಕ್ಕೆ ಮರಳುವಷ್ಟರಲ್ಲಿ ಕಾಲೇಜೇ ಮುಗಿಯುತ್ತ ಬಂದಿತ್ತು. ಕೊನೆಯ ಪಂದ್ಯದಲ್ಲಿ ನಾನು ಬದಲಿ ಆಟಗಾರ್ತಿ. ನನ್ನನ್ನು ಇಳಿಸುವ ಸಂದರ್ಭ ಬರಲೇ ಇಲ್ಲ. ಗೆರೆಯಾಚೆ ಕೂತು ಗಂಟಲು ಕಟ್ಟುವವರೆಗೆ ಕೂಗಿದೆ. ನಮ್ಮವರು ಗೆದ್ದರು, ಎಲ್ಲರೂ ಅಪ್ಪಿಕೊಂಡರು, ನನ್ನನ್ನೂ. ಆ ಅಪ್ಪುಗೆಗಳ ನಡುವೆಯೇ ಹಿಂದೆಂದೂ ಕಾಣದಂಥ ಒಂಟಿತನ ಬಂದು ಕವಿಯಿತು. ಸಂಜೆ ಬಸ್ಸು ಹತ್ತಿ ಅಮ್ಮನಿಗೆ ಫೋನ್ ಮಾಡಿದೆ.

"ಗೆದ್ವಿ ಅಮ್ಮ."

"ಮತ್ತೆ ದನಿ ಯಾಕೆ ಹಿಂಗಿದೆ?"

"ಖುಷಿಗೆ" ಎಂದುಬಿಡುವುದು ಸುಲಭವಿತ್ತು. "ಅಳು ಬರ್ತಿದೆ. ನಂಗೆ ಯಾರೂ ಇಲ್ಲ ಅನ್ನಿಸ್ತಿದೆ" ಎಂದೆ.

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಒಲೆ ಆರಿಸಿದ ಸದ್ದು ಕೇಳಿಸಿತು. "ಬಸ್ ಎಲ್ಲಿದೆ ಈಗ?" ಎಂದಳು.

ಜನ್ನಾಪುರದಲ್ಲಿ ಇಳಿದಾಗ, ನೈಟಿಯ ಮೇಲೊಂದು ಟವೆಲ್ ಹೊದ್ದುಕೊಂಡು ಅಮ್ಮ ಸ್ಟಾಪಿನಲ್ಲಿ ನಿಂತಿದ್ದಳು. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ. ನನ್ನ ಬ್ಯಾಗನ್ನು ಕಿತ್ತು ತನ್ನ ಹೆಗಲಿಗೇರಿಸಿಕೊಂಡು, "ಅಳು. ಈ ರೋಡಲ್ಲಿ ಲೈಟಿಲ್ಲ, ಯಾರಿಗೂ ಕಾಣಲ್ಲ" ಎಂದಳು. ನಾನು ಅಳುತ್ತ ನಡೆದೆ. ಅವಳು ಪಕ್ಕದಲ್ಲೇ ನಡೆದಳು, ಎದುರು ಸಿಕ್ಕವರಿಗೆಲ್ಲ ನಮ್ಮ ಹುಡುಗಿಯ ಟೀಮು ಗೆದ್ದಿದೆಯೆಂದು ಹೇಳುತ್ತ.