ಬಿ ಸೈಡಿನ ಅಂಗಿ

ಬಂಕಾಪುರದ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಿದು, ತಮ್ಮದೇ ಹಾಡು ಕಟ್ಟಿ ಎರಡನೇ ಕ್ಯಾಸೆಟ್ ತಂದಿದ್ದರು. ನಾನು ಹುಬ್ಬಳ್ಳಿಯ ವಾರಪತ್ರಿಕೆಗೆ ಅದರ ವಿಮರ್ಶೆ ಬರೆದೆ. 'ಬಿ ಸೈಡಿನಲ್ಲಿ ಡ್ರಮ್ಮಿನ ಗದ್ದಲ ಬಿಟ್ಟರೆ ಏನೂ ಇಲ್ಲ' ಎಂದು ಮುಗಿಸಿಬಿಟ್ಟೆ.

ಮುಂದಿನ ವಾರ ಸವಣೂರಿನಲ್ಲಿ ಅಂಗಿ ಹೊಲಿಸಲು ಹೋದರೆ ಟೇಲರ್ ಅಂಗಡಿಯಲ್ಲಿ ಅದೇ ಬಿ ಸೈಡು! ಟೇಲರ್ ಚಾಚಾ ಅದರ ತಾಳಕ್ಕೇ ಮಷೀನು ತುಳಿಯುತ್ತಿದ್ದರು.

"ಎ ಸೈಡ್ ಹಚ್ಚಿ ಗುಂಡಿ ಕಾಜಾ ಮಾಡ್ತೇನ್ರಿ, ಬಿ ಸೈಡ್ ಹಚ್ಚಿ ಹೊಲಿಗಿ ಹಾಕ್ತೇನಿ. ಕಾಲು ನೋಯೂದ ಇಲ್ಲ," ಎಂದರು.

ಆಮೇಲೆ ಕಾಲರಿನ ಆಕಾರಕ್ಕೆ ಕತ್ತರಿಸಿದ ಹಳೇ ಪೇಪರೊಂದನ್ನು ನನ್ನ ಕುತ್ತಿಗೆಗೆ ಹಿಡಿದು ನೋಡಿದರು. ಅದು ನನ್ನದೇ ವಿಮರ್ಶೆ.

"ಇದನ್ನ ಬರದಾಂವ ಕಿವಿ ಮನ್ಯಾಗ ಬಿಟ್ಟು ಬಂದಿದ್ನೇನೋ. ನೀವೇನ್ ಮಾಡ್ತೀರ್ರಿ?"

"ಪೇಪರಿಗೆ ಪ್ಯಾಟಿ ಧಾರಣಿ ಬರೀತೇನ್ರಿ," ಎಂದು ಸುಳ್ಳು ಹೇಳಿದೆ.

ವಾರ ಬಿಟ್ಟು ಹೋದಾಗ ಚಾಚಾ ಅಂಗಿ ಕೈಗಿಟ್ಟು ನಕ್ಕರು.

"ಧಾರಣಿ ಬರಿಯಾವ್ರು ಡ್ರಮ್ ಕೇಳಿದ ಕೂಡ್ಲೆ ಹಂಗ ಮಾರಿ ಗಂಟ್ ಹಾಕಂಗಿಲ್ಲ ಬಿಡ್ರಿ. ನಿಮ್ಮ ಅಂಗಿ ಪೂರಾ ಬಿ ಸೈಡ್ ಮ್ಯಾಲ ಹೊಲದೇನಿ. ತಪ್ಪಿದ್ರ ಪೇಪರಿನ್ಯಾಗ ಹಾಕ್ರಿ."

ಮನೆಗೆ ಬಂದವನೇ ಅಂಗಿ ತಿರುವಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹೊಲಿಗೆ ನೋಡಿದೆ. ಎಲ್ಲೂ ತಪ್ಪು ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಯಾಸೆಟ್ಟನ್ನು ನಾನು ಅಷ್ಟು ಶ್ರದ್ಧೆಯಿಂದ ಕೇಳಿಯೇ ಇರಲಿಲ್ಲ.